ಕಾಳಿಘಾಟ್‌ನ ‘ನಿರ್ಮಲ ಹೃದಯ’ದಲ್ಲಿ ಸ್ವಯಂಸೇವೆ: ಬಂಗಾಳಿ ಬಾರದ, ಮಂಡಿನೋವಿನ ಸಸ್ಯಾಹಾರಿಗೆ ಅಲ್ಲಿ ಕೆಲಸವಿದೆಯೇ?

ಪ್ರಶ್ನೆ: ನಿವೃತ್ತ ಶಿಕ್ಷಕಿ, ತುಮಕೂರು

ಎಲ್ಲರಿಗೂ ನಮಸ್ಕಾರ. ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದ ಮೇಲೆ ನಾನು ಚಳಿಗಾಲದ ತಿಂಗಳುಗಳನ್ನು ಕೋಲ್ಕತ್ತದಲ್ಲಿರುವ ಮಗಳ ಮನೆಯಲ್ಲಿ ಕಳೆಯುತ್ತಿದ್ದೇನೆ. ಮಗಳು, ಅಳಿಯ ಇಬ್ಬರೂ ಬೆಳಿಗ್ಗೆ ಹೊರಟರೆ ಮನೆಗೆ ಮರಳುವುದು ದೀಪ ಹಚ್ಚುವ ಹೊತ್ತು ಕಳೆದ ಮೇಲೆಯೇ. ಮನೆಯಿಂದ ಕಾಳಿಘಾಟ್ ದೇವಸ್ಥಾನಕ್ಕೆ ನಡೆದೇ ಹೋಗಬಹುದಾದ್ದರಿಂದ ಆಗಾಗ ದರ್ಶನಕ್ಕೆ ಹೋಗುತ್ತೇನೆ. ಅದರ ಪಕ್ಕದಲ್ಲಿಯೇ, ಬೀದಿಯಲ್ಲಿ ಸಾಯುತ್ತಿದ್ದವರಿಗಾಗಿ ಮದರ್ ತೆರೇಸಾ ಅವರು 1952ರಲ್ಲಿ ತೆರೆದ ‘ನಿರ್ಮಲ ಹೃದಯ’ ಇದೆ. ವಾರದಲ್ಲಿ ಎರಡು ಮೂರು ಬೆಳಗಿನ ಹೊತ್ತು ಅಲ್ಲಿ ಕೆಲಸ ಮಾಡಬೇಕೆಂಬ ಆಸೆ ಬಹಳ ದಿನಗಳಿಂದ ಇದೆ. ಹೆಜ್ಜೆ ಇಡಲು ಕೆಲವು ಸಂಕೋಚಗಳು ಅಡ್ಡಬರುತ್ತಿವೆ.

ನಮ್ಮದು ಇಷ್ಟಲಿಂಗ ಪೂಜೆಯ ಮನೆತನ. ಸಿದ್ಧಗಂಗಾ ಮಠದ ದಾಸೋಹವನ್ನು ನೋಡುತ್ತಲೇ ಬೆಳೆದವಳಾದ್ದರಿಂದ ಧರ್ಮಸಂಸ್ಥೆಯೊಂದು ಹಸಿದವರಿಗೆ ಅನ್ನ ಹಾಕುವುದು, ಸೂರು ಕೊಡುವುದು ನನಗೆ ಹೊಸತಲ್ಲ. ಆದರೆ ಇನ್ನೊಂದು ಧರ್ಮದ ಸಂಸ್ಥೆಯೊಳಗೆ ಹೋಗಿ ದುಡಿಯುವಾಗ ಅಲ್ಲಿನ ಪ್ರಾರ್ಥನೆಯಲ್ಲಿ ಪಾಲುಗೊಳ್ಳಲೇಬೇಕೆ, ಮೀನು ಮಾಂಸ ಬಡಿಸುವ ಕೆಲಸ ಬಂದರೆ ಬೇಡವೆನ್ನಬಹುದೇ ಎಂಬುದು ತಿಳಿಯದು. ಮತಾಂತರದ ಮಾತೆತ್ತಿ ಊರಿನ ಕೆಲವು ಬಂಧುಗಳು ಈಗಾಗಲೇ ಹುಬ್ಬೇರಿಸಿದ್ದಾರೆ. ನನಗೆ ಬಂಗಾಳಿ ಬಾರದು, ಹಿಂದಿ ಅಷ್ಟಕ್ಕಷ್ಟೆ. ಮಂಡಿನೋವಿನಿಂದಾಗಿ ನೆಲದ ಮೇಲೆ ಕುಳಿತು ಏಳುವುದು ಕಷ್ಟ. ಇಂಥವಳು ಅಲ್ಲಿಗೆ ಹೋದರೆ ಅವರಿಗೆ ನಿಜವಾಗಿಯೂ ಉಪಯೋಗವಾಗುತ್ತದೆಯೇ, ಅಥವಾ ಆ ಹೊತ್ತಿನ ಬದಲು ಒಂದಿಷ್ಟು ಹಣ ಕೊಟ್ಟು ಸುಮ್ಮನಿರುವುದೇ ಮೇಲೇ? ಕಂಡು ಅನುಭವವಿರುವವರು ಸಂಕೋಚವಿಲ್ಲದೆ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಬಳ್ಳಾರಿಯವ, ಹಿಂದೆ ಕೋಲ್ಕತ್ತ ವಾಸಿ

ಮೇಡಂ, ನೌಕರಿಯ ನಿಮಿತ್ತ ಕೋಲ್ಕತ್ತದಲ್ಲಿದ್ದಾಗ ರಜಾದಿನಗಳಲ್ಲಿ ನಾನು ಅಲ್ಲಿಗೆ ಹೋಗುತ್ತಿದ್ದೆ. ಮೊದಲಿಗೆ ಕ್ರಮವನ್ನು ಹೇಳಿಬಿಡುತ್ತೇನೆ. ನೇರವಾಗಿ ನಿರ್ಮಲ ಹೃದಯದ ಬಾಗಿಲಿಗೆ ಹೋಗಿ ನಿಂತರೆ ಕೆಲಸ ಸಿಗುವುದಿಲ್ಲ. ಮದರ್ ತೆರೇಸಾ ಅವರ ಸಂಸ್ಥೆ ಮಿಷನರೀಸ್ ಆಫ್ ಚಾರಿಟಿಯ ಕೇಂದ್ರವಾದ ಮದರ್ ಹೌಸ್ ಇರುವುದು ಎ.ಜೆ.ಸಿ. ಬೋಸ್ ರಸ್ತೆಯಲ್ಲಿ, ಅದೇ ರಸ್ತೆಯ ಶಿಶು ಭವನದಲ್ಲಿ ಸ್ವಯಂಸೇವಕರ ಹೆಸರು ಬರೆದುಕೊಂಡು, ಯಾವ ಮನೆಗೆ ಹೋಗಬೇಕೆಂದು ಸಿಸ್ಟರ್ ಒಬ್ಬರು ಮಾತಾಡಿಸಿ ತೀರ್ಮಾನಿಸುತ್ತಾರೆ. ನನ್ನ ಕಾಲದಲ್ಲಿ ಸೋಮವಾರ, ಬುಧವಾರ, ಶುಕ್ರವಾರಗಳ ಮಧ್ಯಾಹ್ನ ಈ ನೋಂದಣಿ ನಡೆಯುತ್ತಿತ್ತು. ದಿನ, ಸಮಯಗಳು ಬದಲಾಗುವುದುಂಟು, ಆದ್ದರಿಂದ ಮದರ್ ಹೌಸ್‌ನಲ್ಲಿ ಕೇಳಿಕೊಂಡೇ ಹೋಗಿ. ಗುರುತಿನ ಚೀಟಿ ಜೊತೆಯಲ್ಲಿರಲಿ. ಗುರುವಾರ ಸ್ವಯಂಸೇವಕರಿಗೆ ಬಿಡುವು. ಯಾರೂ ಶುಲ್ಕ ಕೇಳುವುದಿಲ್ಲ. ನಡುವೆ ಯಾರಾದರೂ ಕೇಳಿದರೆ ಅವರು ಸಂಸ್ಥೆಯವರಲ್ಲವೆಂದೇ ತಿಳಿಯಿರಿ.

ಪ್ರಾರ್ಥನೆಯ ವಿಷಯದಲ್ಲಿ ನಿಮಗೆ ಆತಂಕ ಬೇಡ. ಬೆಳಗಿನ ಪೂಜೆ ಮದರ್ ಹೌಸ್‌ನಲ್ಲಿ ಆಗುತ್ತದೆ, ಇಷ್ಟವಿದ್ದವರು ಹೋಗುತ್ತಾರೆ. ಪೂಜೆ ಮುಗಿದ ಮೇಲೆ ಸ್ವಯಂಸೇವಕರೆಲ್ಲರಿಗೂ ಚಹಾ, ಬ್ರೆಡ್ಡು, ಬಾಳೆಹಣ್ಣು ಕೊಡುತ್ತಾರೆ. ಪೂಜೆಗೆ ಹೋಗದವರೂ ಅದರಲ್ಲಿ ಪಾಲುಗೊಳ್ಳಬಹುದು. ಕೆಲಸಕ್ಕೆ ಹೊರಡುವ ಮುನ್ನ ಚಿಕ್ಕದೊಂದು ಪ್ರಾರ್ಥನೆ ಹೇಳುತ್ತಾರೆ. ನಾನು ಕೈಕಟ್ಟಿ ನಿಂತಿರುತ್ತಿದ್ದೆ, ನನ್ನ ಪಕ್ಕದಲ್ಲಿ ಜಪಾನಿನ ಬೌದ್ಧ ಹುಡುಗಿಯೊಬ್ಬಳು, ದೇವರೇ ಇಲ್ಲವೆನ್ನುವ ಸ್ಪೇನ್ ದೇಶದವನೊಬ್ಬ. ಯಾರೂ ಯಾರನ್ನೂ ನಿನ್ನ ಧರ್ಮ ಯಾವುದೆಂದು ಕೇಳಿದ್ದನ್ನು ನಾನು ಕಂಡಿಲ್ಲ.

ಇನ್ನು ಕೆಲಸ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಸಾಯುವವರ ಕೈಹಿಡಿದು ಕುಳಿತುಕೊಳ್ಳುವುದೇ ಅಲ್ಲಿನ ಕೆಲಸವೆಂಬ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದವರು ಮೊದಲ ದಿನವೇ ಪೆಚ್ಚಾಗುತ್ತಾರೆ. ಬೆಳಗಿನ ಅರ್ಧ ಭಾಗವೆಲ್ಲ ಬಟ್ಟೆಯದೇ. ರಾತ್ರಿ ಒದ್ದೆಯಾದ, ಹೊಲಸಾದ ಹಾಸಿಗೆ ಬಟ್ಟೆ, ಕಂಬಳಿ, ಅಂಗಿ, ಲುಂಗಿಗಳನ್ನು ತೊಟ್ಟಿಗಳಲ್ಲಿ ಒಂದಾದ ಮೇಲೊಂದರಂತೆ ಅದ್ದಿ, ಉಜ್ಜಿ, ನೆನೆದ ಕಂಬಳಿಯನ್ನು ಇಬ್ಬರು ಎರಡು ತುದಿ ಹಿಡಿದು ಹಿಂಡಿ, ತಾರಸಿಗೆ ಹೊತ್ತು ಒಣಹಾಕಬೇಕು. ಇತ್ತ ವಾರ್ಡಿನಲ್ಲಿ ಸ್ನಾನ ಮಾಡಿಸುವುದು, ಹಾಸಿಗೆ ಒರೆಸುವುದು, ಉಗುರು ಕತ್ತರಿಸುವುದು, ಎಣ್ಣೆ ಹಚ್ಚುವುದು, ಊಟ ಬಡಿಸುವುದು, ತಾವೇ ತಿನ್ನಲಾಗದವರಿಗೆ ತುತ್ತು ಕೊಡುವುದು, ಕಡೆಗೆ ತಟ್ಟೆ ಲೋಟಗಳ ರಾಶಿ. ಗಂಡಸರ ವಾರ್ಡು ಬೇರೆ, ಹೆಂಗಸರ ವಾರ್ಡು ಬೇರೆ. ಎಲ್ಲರೂ ಸಾಯುವ ಸ್ಥಿತಿಯಲ್ಲಿ ಇರುವುದಿಲ್ಲ. ಹುಣ್ಣು ಮಾಗಿ, ಮೈಗೆ ರಕ್ತ ಬಂದು, ಬೇರೆ ಮನೆಗೋ ತಮ್ಮ ಊರಿಗೋ ಹೊರಡುವವರೂ ಇರುತ್ತಾರೆ. ಈ ಕೆಲಸಗಳ ನಿಜವಾದ ಹೊರೆಯನ್ನು ಹೊರುವವರು ಸಿಸ್ಟರ್‌ಗಳು ಮತ್ತು ಸಂಬಳಕ್ಕೆ ಇರುವ ಸ್ಥಳೀಯ ಹೆಂಗಸರು. ಇವರನ್ನು ಎಲ್ಲರೂ ‘ಮಾಸಿ’ ಎಂದು ಕರೆಯುತ್ತಾರೆ. ಮೊದಲ ಕೆಲವು ದಿನ ಸಿಸ್ಟರ್‌ಗಿಂತ ಮಾಸಿಯ ಮಾತನ್ನೇ ಹೆಚ್ಚು ಕೇಳಿ. ಯಾರಿಗೆ ಯಾವ ಕಡೆ ಮಗ್ಗುಲಾದರೆ ನೋವು, ಯಾರು ಬಿಸಿ ನೀರನ್ನೇ ಕೇಳುತ್ತಾರೆ ಎಂಬುದೆಲ್ಲ ಅವರಿಗೆ ಗೊತ್ತು.

ನಿಮ್ಮ ಮಂಡಿಗೆ ಕಂಬಳಿ ಹಿಂಡುವ ಕೆಲಸ ಹೇಳಿದ್ದಲ್ಲ. ಬಟ್ಟೆ ಮಡಿಸುವುದು, ತುತ್ತು ಕೊಡುವುದು, ತಲೆ ಬಾಚುವುದು ನಿಂತು ಅಥವಾ ಸ್ಟೂಲಿನ ಮೇಲೆ ಕುಳಿತು ಮಾಡುವಂಥವು, ನೋಂದಣಿಯಲ್ಲಿಯೇ ಹೇಳಿಬಿಡಿ. ಮೀನಿನ ಸಾರು ಮಾತ್ರ ಬಂಗಾಳದಲ್ಲಿ ತಪ್ಪಿದ್ದಲ್ಲ. ಬಡಿಸಲಾರೆನೆಂದರೆ ಯಾರೂ ಬಲವಂತ ಮಾಡುವುದಿಲ್ಲ, ಆದರೆ ತಿಂದ ತಟ್ಟೆ ಕೈಗೆ ಬಂದೇ ಬರುತ್ತದೆ. ಅದಕ್ಕೆ ಮನಸ್ಸು ಒಗ್ಗೀತೇ ಎಂಬುದನ್ನು ನೀವು ಮನೆಯಲ್ಲಿಯೇ ತೀರ್ಮಾನಿಸಿಕೊಂಡು ಹೋಗುವುದು ಒಳ್ಳೆಯದು.

ಭಾಷೆಯ ವಿಚಾರದಲ್ಲಿ ನನ್ನ ಅಭಿಪ್ರಾಯ ಬೇರೆಯೇ ಇದೆ. ‘ಜೋಲ್’ ಎಂದರೆ ನೀರು, ‘ಭಾತ್’ ಎಂದರೆ ಅನ್ನ, ‘ಬ್ಯಥಾ’ ಎಂದರೆ ನೋವು, ‘ಆಸ್ತೆ’ ಎಂದರೆ ನಿಧಾನ. ಇಷ್ಟಾದರೆ ಬೆಳಗಿನ ಕೆಲಸ ಸಾಗುತ್ತದೆ. ಇದಕ್ಕಿಂತ ದೊಡ್ಡ ಮಾತೆಂದರೆ ಹೌರಾ ನಿಲ್ದಾಣಕ್ಕೆ ದೇಶದ ಎಲ್ಲ ಕಡೆಯಿಂದಲೂ ರೈಲು ಬರುತ್ತದೆ, ದಿಕ್ಕು ತಪ್ಪಿದ ಜನರೂ ಅದರಲ್ಲಿಯೇ ಬರುತ್ತಾರೆ. ನಾನಿದ್ದಾಗ ಯಾರ ಮಾತಿಗೂ ಬಾಯಿ ತೆರೆಯದ ಮುದುಕರೊಬ್ಬರನ್ನು ಮೂಗರೆಂದೇ ತಿಳಿದಿದ್ದರು. ಒಂದು ದಿನ ಅವರು ನಿದ್ದೆಗಣ್ಣಿನಲ್ಲಿ ಗೊಣಗಿದ್ದು ತೆಲುಗು. ಬಳ್ಳಾರಿಯವನಿಗೆ ತೆಲುಗು ಅರ್ಥವಾಗದೆ ಇದ್ದೀತೇ? ಊರಿನ ಹೆಸರು, ಅಣ್ಣನ ಹೆಸರು ಹೊರಬಂದವು, ಅವನ್ನು ಬರೆದು ಸಿಸ್ಟರ್‌ಗೆ ಕೊಟ್ಟೆ. ವಾರ್ಡಿನಲ್ಲಿ ಕನ್ನಡವೋ ತೆಲುಗೋ ತಮಿಳೋ ಆಡುವ ಹೆಂಗಸರು ಇದ್ದಾರೆಯೇ ಎಂದು ನೀವು ಮೊದಲ ದಿನವೇ ಕೇಳಿ. ಇದ್ದರೆ ನಿಮ್ಮಿಂದ ಆಗುವ ಕೆಲಸ ಅಲ್ಲಿ ಬೇರಾರಿಂದಲೂ ಆಗದು.

ಉತ್ತರ 2: ನರ್ಸ್, ಮಂಗಳೂರು

ಮೇಲಿನವರು ಹೇಳಿದ್ದರಲ್ಲಿ ‘ತುತ್ತು ಕೊಡುವುದು’ ಎಂಬುದು ಸುಲಭದ ಕೆಲಸವೆಂಬ ಭಾವನೆ ಬರುತ್ತದೆ. ನನ್ನ ಅನುಭವದಲ್ಲಿ ತರಬೇತಿ ಇಲ್ಲದ ಕೈಗಳಿಂದ ಅತಿ ಹೆಚ್ಚು ಅಪಾಯವಾಗುವುದು ಅಲ್ಲಿಯೇ. ಪಾರ್ಶ್ವವಾಯು ಬಡಿದವರು, ತೀರ ನಿತ್ರಾಣರಾದವರು ಮಲಗಿದಲ್ಲಿಯೇ ನುಂಗಿದರೆ ಅನ್ನ ಶ್ವಾಸನಾಳಕ್ಕೆ ಹೋಗಿ, ಉಸಿರು ಕಟ್ಟಬಹುದು ಅಥವಾ ನ್ಯುಮೋನಿಯಾ ಆಗಬಹುದು. ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ, ಗದ್ದವನ್ನು ತುಸು ತಗ್ಗಿಸಿ, ಅರ್ಧ ಚಮಚದಷ್ಟನ್ನೇ ಕೊಟ್ಟು, ಗಂಟಲು ಚಲಿಸಿದ್ದನ್ನು ನೋಡಿದ ಮೇಲೆಯೇ ಮುಂದಿನ ತುತ್ತು ಕೊಡಬೇಕು. ಕೆಮ್ಮು ಬಂದರೆ ನಿಲ್ಲಿಸಿ. ನೀರು ಅನ್ನಕ್ಕಿಂತ ಅಪಾಯ. ‘ಇವರು ನುಂಗಬಲ್ಲರೇ?’ ಎಂದು ಪ್ರತಿಸಲ ಕೇಳುವುದರಲ್ಲಿ ನಾಚಿಕೆಯೇನೂ ಇಲ್ಲ. ಬಿದ್ದವರನ್ನು, ಸೊಂಟ ಮುರಿದವರನ್ನು ಒಬ್ಬರೇ ಎತ್ತಲು ಹೋಗಬೇಡಿ. ನಿಮ್ಮ ಮಂಡಿಯೂ ಹೋಗುತ್ತದೆ, ಅವರ ಮೂಳೆಯೂ ಹೋಗುತ್ತದೆ.

ಬೀದಿಯಿಂದ ಬಂದವರಲ್ಲಿ ಕ್ಷಯ, ಕಜ್ಜಿ, ಹೇನು ಇರುವುದು ಸಾಮಾನ್ಯ. ಕೆಮ್ಮುವವರ ಬಳಿ ಒಳ್ಳೆಯ ಮಾಸ್ಕ್ ಧರಿಸಿ, ಹುಣ್ಣು ಮುಟ್ಟುವುದಿದ್ದರೆ ಕೈಗವಸು ಕೇಳಿ ಪಡೆಯಿರಿ, ಮನೆಗೆ ಬಂದ ಕೂಡಲೇ ಬಟ್ಟೆ ಬದಲಿಸಿ. ನಿಮ್ಮ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆ ಇದ್ದರೆ ಕ್ಷಯ ತಗಲುವ ಸಂಭವ ಹೆಚ್ಚು, ಆದ್ದರಿಂದ ನಿಮ್ಮ ವೈದ್ಯರಿಗೆ ತಿಳಿಸಿಯೇ ಹೋಗಿ.

ಇನ್ನೊಂದು ವಿಷಯವನ್ನು ಮುಚ್ಚಿಡದೆ ಹೇಳಬೇಕು. ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯ ಆಗಿನ ಸಂಪಾದಕ ರಾಬಿನ್ ಫಾಕ್ಸ್ ಅವರು ಈ ಮನೆಯನ್ನು ಕಣ್ಣಾರೆ ನೋಡಿ 1994ರಲ್ಲಿ ಬರೆದರು: ಸ್ವಚ್ಛತೆ, ಗಾಯಗಳ ಆರೈಕೆ, ಅಕ್ಕರೆ ಇವೆಲ್ಲ ಇವೆ, ಆದರೆ ರೋಗನಿರ್ಣಯ ಅಚ್ಚುಕಟ್ಟಾಗಿಲ್ಲ, ತೀವ್ರ ನೋವಿಗೆ ಬೇಕಾದ ಪ್ರಬಲ ಔಷಧಗಳಿಲ್ಲ. ಆ ಟೀಕೆ ನ್ಯಾಯವಾದದ್ದೇ. ಜೊತೆಗೆ ಆ ಕಾಲದ ಸಂದರ್ಭವನ್ನೂ ನೆನೆಯಬೇಕು: 1985ರ ಮಾದಕ ವಸ್ತುಗಳ ಕಾಯ್ದೆಯ ಬಿಗಿಯಿಂದಾಗಿ ತೀವ್ರ ನೋವು ಇಳಿಸುವ ಮಾರ್ಫಿನ್ ಇಟ್ಟುಕೊಳ್ಳಲು ಹಲವು ಪರವಾನಗಿಗಳು ಬೇಕಾಗಿ, ದೊಡ್ಡ ಆಸ್ಪತ್ರೆಗಳೇ ಅದರ ಗೊಡವೆಗೆ ಹೋಗುತ್ತಿರಲಿಲ್ಲ. ಕಾಯ್ದೆಗೆ ತಿದ್ದುಪಡಿ ಬಂದು ಹಾದಿ ಸಲೀಸಾದದ್ದು 2014ರಲ್ಲಿ. ನಮ್ಮ ನೆರೆಯ ಕೋಯಿಕ್ಕೋಡಿನಲ್ಲಿ 1993ರಲ್ಲಿಯೇ ವೈದ್ಯರು ಮತ್ತು ಊರಿನ ಜನ ಸೇರಿ ನೋವು ಶಮನದ ಸೊಸೈಟಿ ಕಟ್ಟಿ, ಮಾರ್ಫಿನ್ ಮಾತ್ರೆಯನ್ನು ಬಡವರ ಮನೆಬಾಗಿಲಿಗೆ ಮುಟ್ಟಿಸಿದರು ಎಂಬುದನ್ನು ಕಂಡಾಗ, ಅಕ್ಕರೆಯೊಂದೇ ಸಾಕೆಂದು ಯಾವ ಸಂಸ್ಥೆಯೂ ಹೇಳಿಕೊಳ್ಳಲಾಗದು. ನೀವು ಹೋದಾಗ ಯಾರಾದರೂ ನೋವಿನಿಂದ ನರಳುತ್ತಿದ್ದರೆ ಅದನ್ನು ವಿಧಿಯೆಂದು ಒಪ್ಪಿಕೊಂಡು ಕೂರದೆ, ವೈದ್ಯರು ಯಾವಾಗ ಬರುತ್ತಾರೆಂದು ಸಿಸ್ಟರನ್ನು ಮೆಲ್ಲನೆ ಕೇಳಿ. ಒಂದೇ ರೋಗಿಯನ್ನು ವಾರದಿಂದ ವಾರಕ್ಕೆ ನೋಡುವ ನಿಮ್ಮಂಥವರಿಗೆ ಮಾತ್ರ ಅಂಥ ಪ್ರಶ್ನೆ ಕೇಳಲು ಸಾಧ್ಯ. ಎರಡು ದಿನಕ್ಕೆ ಬಂದು ಹೋಗುವ ಪ್ರವಾಸಿಗರಿಗೆ ಯಾರ ನೋವು ಹೆಚ್ಚಾಯಿತು, ಯಾರದು ಇಳಿಯಿತು ಎಂಬುದೇ ತಿಳಿಯುವುದಿಲ್ಲ.

ಉತ್ತರ 3: ಧಾರವಾಡದ ಓದುಗ

ನಾನು ಈ ಸಂಸ್ಥೆಯ ಅಭಿಮಾನಿಯಲ್ಲ, ಆದ್ದರಿಂದ ಇನ್ನೊಂದು ಮಗ್ಗುಲನ್ನು ಹೇಳುತ್ತೇನೆ. ಸಾಯುವವರಿಗೆ ಗುಟ್ಟಾಗಿ ದೀಕ್ಷಾಸ್ನಾನ ಮಾಡಿಸುತ್ತಿದ್ದರೆಂಬ ಆರೋಪವನ್ನು ಹಿಂದೆ ಅದೇ ಸಂಸ್ಥೆಯಲ್ಲಿದ್ದವರೇ ಮಾಡಿದ್ದಾರೆ. ಸತ್ತವರಿಗೆ ಅವರವರ ಧರ್ಮದಂತೆಯೇ ಕಡೆಗಾಲದ ವಿಧಿ ನಡೆಸುತ್ತೇವೆಂಬುದು ಸಂಸ್ಥೆಯ ಮಾತು. ಲೆಕ್ಕಪತ್ರಗಳನ್ನು ಜನರ ಮುಂದಿಡುವುದಿಲ್ಲವೆಂಬ ದೂರು ಹಳೆಯದು. 2021ರ ಡಿಸೆಂಬರ್‌ನಲ್ಲಿ ಕೇಂದ್ರ ಗೃಹ ಸಚಿವಾಲಯ ಇವರ ವಿದೇಶಿ ದೇಣಿಗೆಯ ನೋಂದಣಿಯನ್ನು ನವೀಕರಿಸಲು ನಿರಾಕರಿಸಿ, 2022ರ ಜನವರಿ ಮೊದಲ ವಾರದಲ್ಲಿಯೇ ಮತ್ತೆ ಕೊಟ್ಟದ್ದನ್ನು ಎಲ್ಲರೂ ಪತ್ರಿಕೆಗಳಲ್ಲಿ ಓದಿದ್ದೇವೆ. ಹಣ ಕೊಡುವುದು ಮೇಲೇ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಬೇಡ. ಅವರಿಗೆ ಹಣ ಕೊಡುವವರು ಜಗತ್ತಿನ ತುಂಬ ಇದ್ದಾರೆ.

ನನ್ನ ದೊಡ್ಡ ತಕರಾರು ಧರ್ಮದ್ದಲ್ಲ. 2011ರ ಜನಗಣತಿಯಲ್ಲಿ ದೇಶದಲ್ಲಿ ಮನೆಯೇ ಇಲ್ಲದವರೆಂದು ಲೆಕ್ಕಕ್ಕೆ ಸಿಕ್ಕವರು ಸುಮಾರು 17.7 ಲಕ್ಷ ಜನ. ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ನಗರಗಳಲ್ಲಿ ವಸತಿ ಕೇಂದ್ರ ತೆರೆಯಬೇಕೆಂದು ಸರ್ಕಾರಗಳಿಗೆ ಹೇಳಿತು. 2013ರಲ್ಲಿ ಆರಂಭವಾದ ನಗರ ಜೀವನೋಪಾಯ ಯೋಜನೆಯ ಮಾರ್ಗಸೂಚಿ, ಒಂದು ಲಕ್ಷ ನಗರ ಜನಸಂಖ್ಯೆಗೆ ಕನಿಷ್ಠ ನೂರು ಮಂದಿಗೆ ಸಾಲುವ ಸೂರು, ತಲೆಗೆ 50 ಚದರ ಅಡಿ ಜಾಗ, ವರ್ಷವಿಡೀ ಇಪ್ಪತ್ತನಾಲ್ಕು ಗಂಟೆಯೂ ತೆರೆದ ಬಾಗಿಲು ಎಂದು ಬರೆದಿತ್ತು. ಅಂದರೆ ಸೂರು ಎಂಬುದು ಹಕ್ಕು. ಅದನ್ನು ಕರುಣೆಯ ಕೆಲಸವೆಂದು ಮಠಕ್ಕೂ ಚರ್ಚಿಗೂ ಗುರುದ್ವಾರಕ್ಕೂ ಬಿಟ್ಟುಕೊಟ್ಟಷ್ಟೂ ನಗರಪಾಲಿಕೆಗಳು ಹಾಯಾಗಿ ಮಲಗುತ್ತವೆ. ನಿಮ್ಮ ಊರಿನಲ್ಲಿಯೂ ಪಾಲಿಕೆಯ ವಸತಿರಹಿತರ ಕೇಂದ್ರ ಹೇಗಿದೆಯೆಂದು ಒಮ್ಮೆ ಹೋಗಿ ನೋಡುವುದು ಕಾಳಿಘಾಟ್‌ಗೆ ಹೋಗುವುದಕ್ಕಿಂತ ಕಡಿಮೆ ಸೇವೆಯಲ್ಲ.

ಬಳ್ಳಾರಿಯವ

ಧಾರವಾಡದವರ ಕಡೆಯ ಮಾತನ್ನು ಒಪ್ಪುತ್ತೇನೆ. ಆದರೆ ‘ಬಿಟ್ಟುಕೊಟ್ಟಿದ್ದು’ ಎಂಬುದರ ಹಿಂದೆ ಕಾಳಿಘಾಟ್‌ನ ಇತಿಹಾಸವಿದೆ. ಆ ಕಟ್ಟಡ ಕಾಳಿ ಯಾತ್ರಿಕರ ಧರ್ಮಶಾಲೆಯಾಗಿತ್ತು, ಅದನ್ನು ಕೊಟ್ಟದ್ದು ಕಲ್ಕತ್ತ ಕಾರ್ಪೊರೇಷನ್ನೇ. ದೇವಸ್ಥಾನದ ಮಗ್ಗುಲಲ್ಲಿ ಕ್ರೈಸ್ತ ಸನ್ಯಾಸಿನಿಯರು ಬಂದು ಕೂತರೆಂದು ಆಗಲೂ ಪ್ರತಿಭಟನೆ ಆಯಿತು. ಕ್ಷಯ ಹಿಡಿದ ಅರ್ಚಕರೊಬ್ಬರನ್ನು ಒಳಗೆ ಇಟ್ಟುಕೊಂಡು ಆರೈಕೆ ಮಾಡಿದ ಮೇಲೆ ಗಲಾಟೆ ತಣ್ಣಗಾಯಿತೆಂದು ಅಲ್ಲಿನವರು ಹೇಳುತ್ತಾರೆ. ಬಟ್ಟೆ ಒಗೆಯುವ ಯಂತ್ರ ತಂದಿಡಲು ಹಣಕ್ಕೇನು ಕೊರತೆ ಎಂದು ನಾನೂ ಕೇಳಿದವನೇ. ‘ಬಡವರಂತೆಯೇ ಇರುತ್ತೇವೆಂಬುದು ನಮ್ಮ ವ್ರತ’ ಎಂಬ ಉತ್ತರ ನನಗೆ ಪೂರ್ತಿ ಹಿಡಿಸಲಿಲ್ಲ. ವ್ರತ ಹಿಡಿದವರು ಸಿಸ್ಟರ್‌ಗಳು, ಒಣಗದ ಕಂಬಳಿಯ ಚಳಿ ರೋಗಿಗಳಿಗೆ.

ಉತ್ತರ 4: ಸಮಾಜ ಕಾರ್ಯಕರ್ತೆ, ಬೆಂಗಳೂರು

ಮೇಡಂ, ನಿರಾಶ್ರಿತರ ಕೇಂದ್ರಗಳೊಂದಿಗೆ ಕೆಲಸ ಮಾಡುವವಳಾಗಿ, ನಿಮ್ಮ ಉಳಿದ ತಿಂಗಳುಗಳ ಕುರಿತು ಎರಡು ಮಾತು ಹೇಳುತ್ತೇನೆ. ಯಾವ ಧರ್ಮದ, ಯಾವ ಊರಿನ ಆಶ್ರಮಕ್ಕೇ ಹೋಗಿ, ಸ್ವಯಂಸೇವೆಗೆ ಮುನ್ನ ಅವರ ದಾಖಲೆ ಪುಸ್ತಕ ಹೇಗಿದೆಯೆಂದು ವಿಚಾರಿಸಿ. ಬೀದಿಯಿಂದ ಕರೆತಂದ ಪ್ರತಿಯೊಬ್ಬರ ಬಗ್ಗೆಯೂ ಪೊಲೀಸ್ ಠಾಣೆಗೆ ತಿಳಿಸಿದ್ದಾರೆಯೇ, ವೈದ್ಯರ ತಪಾಸಣೆ ಆಗಿದೆಯೇ, ಹೊರಗೆ ಹೋಗುತ್ತೇನೆಂದವರನ್ನು ಬಿಡುತ್ತಾರೆಯೇ? 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯ 100ನೇ ಸೆಕ್ಷನ್ ಪ್ರಕಾರ, ಬೀದಿಯಲ್ಲಿ ಅಲೆಯುತ್ತಿರುವ ಮಾನಸಿಕ ಅಸ್ವಸ್ಥರನ್ನು ರಕ್ಷಣೆಗೆ ತೆಗೆದುಕೊಂಡು ಇಪ್ಪತ್ತನಾಲ್ಕು ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಒಯ್ಯುವುದು ಪೊಲೀಸರ ಹೊಣೆ. ಮನೆಯಿಲ್ಲದವರಾದರೆ ಕಾಣೆಯಾದವರ ಪ್ರಕರಣ ದಾಖಲಿಸಿ ಮನೆಯವರನ್ನು ಹುಡುಕುವುದೂ ಠಾಣೆಯ ಕೆಲಸವೇ. ಗೇಟಿಗೆ ಬೀಗ ಹಾಕಿ ‘ಇವರೆಲ್ಲ ದೇವರ ಮಕ್ಕಳು’ ಎಂದು ಭಾವಚಿತ್ರ ತೆಗೆಸಿಕೊಳ್ಳುವ ಮನೆಗಳನ್ನು ನಾನು ನೋಡಿದ್ದೇನೆ, ಅವುಗಳಲ್ಲಿ ಎಲ್ಲ ಧರ್ಮದವೂ ಇವೆ. ನಿವಾಸಿಗಳ ಮುಖವನ್ನು ಫೇಸ್‌ಬುಕ್ಕಿಗೆ ಹಾಕಿ ದೇಣಿಗೆ ಬೇಡುವ ಸಂಸ್ಥೆಗೆ ನಾನಂತೂ ಹೋಗುವುದಿಲ್ಲ. ಕಾಳಿಘಾಟ್‌ನಲ್ಲಿ ಒಳಗೆ ಫೋಟೊ ತೆಗೆಯಲು ಬಿಡುವುದಿಲ್ಲವೆಂಬುದು ಅವರ ಪರವಾಗಿ ಹೇಳಬೇಕಾದ ಮಾತು.

ಧಾರವಾಡದವರಿಗೂ ಒಂದು ಮಾತು. ಕರ್ನಾಟಕದಲ್ಲಿ ನಾವೆಲ್ಲರೂ ಆಸ್ತಿ ತೆರಿಗೆಯ ಜೊತೆ ಭಿಕ್ಷುಕರ ಕರವನ್ನು ಕಟ್ಟುತ್ತಲೇ ಇದ್ದೇವೆ; 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ನಡೆಯುವ ನಿರಾಶ್ರಿತರ ಪರಿಹಾರ ಕೇಂದ್ರಗಳಿಗೆ ಬರುವುದು ಆ ಹಣ. ಅಂದರೆ ಅಲ್ಲಿ ಏನಾಗುತ್ತಿದೆಯೆಂದು ಕೇಳುವ ಅಧಿಕಾರ ತೆರಿಗೆ ಕಟ್ಟುವ ಎಲ್ಲರಿಗೂ ಇದೆ. ಇನ್ನು ಮೇಡಂ ಅವರಂಥ ಶಿಕ್ಷಕಿಯರಿಂದ ಇಂಥ ಕಡೆ ಆಗಬೇಕಾದ ಕೆಲಸ ಬಹಳ: ಪಿಂಚಣಿ ಅರ್ಜಿ ತುಂಬುವುದು, ಆಧಾರ್ ಕಳೆದುಕೊಂಡವರ ವಿವರ ಹುಡುಕುವುದು, ಊರಿಗೆ ಕಾಗದ ಬರೆಯುವುದು, ಬ್ಯಾಂಕಿಗೆ ಜೊತೆಯಲ್ಲಿ ಹೋಗುವುದು. ಇದಕ್ಕೆ ಮಂಡಿ ಅಡ್ಡಬರುವುದಿಲ್ಲ. ಇಂಥ ಕೆಲಸಕ್ಕೆ ಕಾಲೇಜು ಹುಡುಗರು ಒಂದು ದಿನ ಬಂದು ಕೇಕು ಹಂಚಿ ಹೋಗುವುದರಿಂದ ಏನೂ ಆಗದು. ಒಂದು ಅರ್ಜಿಯ ಬೆನ್ನು ಹತ್ತಿದರೆ ಅದು ಮಂಜೂರಾಗುವವರೆಗೆ ತಿಂಗಳುಗಟ್ಟಲೆ ಅಲೆಯುವವರು ಬೇಕು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಮೀನಿನ ತಟ್ಟೆಯ ವಿಷಯವನ್ನು ಯೋಚಿಸಿದೆ. ಮನೆಗೆ ಬಂದು ಸ್ನಾನ ಮಾಡಿ ಪೂಜೆಗೆ ಕೂರುವುದಾದರೆ ನನ್ನ ಮನಸ್ಸಿಗೆ ತೊಡಕಿಲ್ಲ. ಸಕ್ಕರೆ ಕಾಯಿಲೆ ಇದೆ, ಆದ್ದರಿಂದ ನರ್ಸ್ ಅಮ್ಮನವರು ಹೇಳಿದಂತೆ ಮೊದಲು ವೈದ್ಯರನ್ನು ಕಾಣುತ್ತೇನೆ. ಹಣ ಕೊಡುವ ಯೋಚನೆ ಬಿಟ್ಟಿದ್ದೇನೆ. ಧಾರವಾಡದವರು ಹೇಳಿದ ಪಾಲಿಕೆಯ ಕೇಂದ್ರವನ್ನು ತುಮಕೂರಿಗೆ ಮರಳಿದ ಮೇಲೆ ಖಂಡಿತ ನೋಡಿ ಬರುತ್ತೇನೆ. ನಾನು ಆ ಊರಿನಲ್ಲಿ ಇಷ್ಟು ವರ್ಷ ಇದ್ದರೂ ಅದು ಎಲ್ಲಿದೆಯೆಂದು ಇನ್ನೂ ಯಾರನ್ನಾದರೂ ಕೇಳಬೇಕಾಗಿದೆ. ಬಳ್ಳಾರಿಯವರಿಗೆ ಒಂದು ಪ್ರಶ್ನೆ ಉಳಿದಿದೆ: ವಾರಕ್ಕೆ ಎರಡೇ ದಿನ, ಅದೂ ಬೆಳಿಗ್ಗೆ ಮಾತ್ರ ಬರುತ್ತೇನೆಂದರೆ ಅವರು ಒಪ್ಪುತ್ತಾರೆಯೇ?

ಬಳ್ಳಾರಿಯವ

ಒಪ್ಪುತ್ತಾರೆ ಮೇಡಂ. ದಿನಗಳನ್ನು ಮಾತ್ರ ಗೊತ್ತು ಮಾಡಿಕೊಂಡು ಹೇಳಿ, ಹೇಳಿದ ದಿನ ತಪ್ಪಿಸಬೇಡಿ. ಕ್ರಿಸ್‌ಮಸ್ಸಿನ ಆಸುಪಾಸಿನಲ್ಲಿ ವಿದೇಶಿ ಸ್ವಯಂಸೇವಕರು ಕಿಕ್ಕಿರಿದಿರುತ್ತಾರೆ, ಆಗ ಹೊಸಬರಿಗೆ ಕೆಲಸವೇ ಸಿಗದೆ ಗೋಡೆಗೆ ಒರಗಿ ನಿಲ್ಲಬೇಕಾದೀತು. ಫೆಬ್ರವರಿಯ ಹೊತ್ತಿಗೆ ಅವರೆಲ್ಲ ಹೊರಟು ಕೈಗಳು ಕಡಿಮೆಯಾಗುತ್ತವೆ. ಮಗಳ ಮನೆಯಲ್ಲಿ ಅಲ್ಲಿಯವರೆಗೆ ಇರುವುದಾದರೆ ಆಗ ಆರಂಭಿಸಿ. ಹಳೆಯ ಹತ್ತಿ ಸೀರೆ ಉಟ್ಟು, ಬಳೆ, ಉಂಗುರ ಬಿಚ್ಚಿಟ್ಟು, ಜಾರದ ಚಪ್ಪಲಿ ಹಾಕಿಕೊಂಡು ಹೋಗಿ. ಒಗೆಯುವ ಜಾಗದ ನೆಲ ಸದಾ ಒದ್ದೆ.